ನೀರಿಗಿಳಿದವರು

"ನಿಮ್ಮ ಸ್ವಂತ ಇಚ್ಛೆಯಿಂದ ಬಂದಿದ್ದೀರಾ?"

ಸೊಂಟದ ಮಟ್ಟದ ನೀರಿನಲ್ಲಿ ನಿಂತು ಪಾಸ್ಟರ್ ಸುಗುಣಾಕರ ಕೇಳಿದರು. ದೀಕ್ಷಾಸ್ನಾನಕ್ಕೆ ಇಳಿದವರಿಗೆಲ್ಲ ಕೇಳುವ ಪ್ರಶ್ನೆ. ಹೌದು ಎಂದರೆ ಮುಗಿಯಿತು, ಮುಳುಗಿಸಿ ಎತ್ತುವುದಷ್ಟೆ. ಚಿನ್ನಪ್ಪ ಹೌದು ಎನ್ನಲಿಲ್ಲ.

"ಹೌದಂದ್ರ ಸುಳ್ಳಾಕೈತ್ರಿ ಅಯ್ಯಾರ. ನಾ ಎಲ್ಲಿ ಬಂದೀನಿ? ನನ್ನ ಎಳಕೊಂಡು ಬಂದಾರ."

ಸಿರುಗುಪ್ಪದ ಹೊಳೆದಂಡೆಯಲ್ಲಿ ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ರೂಪನಗುಡಿಯಿಂದ ಟೆಂಪೊ ಮಾಡಿಕೊಂಡು ಬಂದ ಜನ. ಹೆಂಡತಿ ಊರಮ್ಮ ಬದುಕಿದ್ದ ತನಕ ಪ್ರತಿ ಭಾನುವಾರ ಚಿನ್ನಪ್ಪನನ್ನು ಚರ್ಚಿಗೆ ಕರೆಯುತ್ತಿದ್ದಳು. ಅವನು ಬಾಗಿಲ ತನಕ ಬಂದು, ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ಕೂತಿರುತ್ತಿದ್ದ. ಹೋದ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ಆಮೇಲೆ ಕರೆಯುವವರಿಲ್ಲದೆಯೇ ಅವನ ಕಾಲುಗಳು ಆ ಕಡೆ ನಡೆದವು. ಒಂದು ಭಾನುವಾರ ಒಳಗೂ ಹೋದವು.

ಊರಮ್ಮನ ಅಣ್ಣ ಸುಂಕಣ್ಣ ಸಭೆಯ ಹಿರಿಯ. ಬೂಟು ಹೊಸದು, ನೀರಿನ ಹತ್ತಿರವೂ ಬರುವುದಿಲ್ಲ ಎಂದು ಮೊದಲೇ ಹೇಳಿ ದಂಡೆಯ ಬಂಡೆ ಹತ್ತಿ ನಿಂತಿದ್ದ. ಅಲ್ಲಿಂದಲೇ ಕೂಗಿದ.

"ಲೇ ಚಿನ್ನಪ್ಪ, ಮನುಷ್ಯಾ ತಾನಾ ಮನಸು ಮಾಡಬೇಕಲೇ! ಬರೇ ಮುಳುಗಿದ್ರ ಏನು ಬಂತು? ಎಮ್ಮಿನೂ ಮುಳುಗತೈತಿ."

"ರಕ್ಷಣಾ ಅಂದ್ರ ಎಲ್ಲಾ ಕರ್ತನ ಕೃಪಾ ಅಂತ ನೀನಾ ಹೇಳತಿದ್ದೆಲ್ಲ ಬಾವ?"

"ಕೃಪಾ ಹೌದು. ಕೊಟ್ಟಾಗ ಕೈ ಚಾಚೋದು ನಮ್ಮ ಕೆಲಸ."

"ಕೈ ಚಾಚಾಕ ಕಲಿಸಿದಾಕಿ ನಿನ್ನ ತಂಗಿ. ಆಕಿಗೆ ಕಲಿಸಿದಾವ ಆ ಕರ್ತ. ಇದರಾಗ ನಂದೇನೈತಿ?"

"ಅಪ್ಪಾ, ಮಾವಾ, ಊಟದ ಬಗಾರ ಅನ್ನ ಆರಾಕತ್ತೈತಿ!" ಎಂದಳು ಮಗಳು ಯಶೋಧರಾ. ದಂಡೆಯ ಮೇಲಿದ್ದವರೆಲ್ಲ ನಕ್ಕರು. ಅವಳ ತೋಳಿನ ಮೇಲೆ ಒಂದು ಬಿಳಿ ಟವೆಲ್ ಇತ್ತು. ಈ ದಿನಕ್ಕೆಂದೇ ಊರಮ್ಮ ಎಷ್ಟೋ ವರ್ಷದ ಹಿಂದೆ ಕೊಂಡು ಟ್ರಂಕಿನಲ್ಲಿ ಇಟ್ಟಿದ್ದದ್ದು. ಇನ್ನೂ ನುಸಿಗುಳಿಗೆಯ ವಾಸನೆ ಹೋಗಿರಲಿಲ್ಲ.

ಚಿನ್ನಪ್ಪ ಆ ಟವೆಲ್ ನೋಡಿದ. ದನಿ ಇಳಿಯಿತು. "ಸುಳ್ಳು ಹೇಳಿ ಆಕಿ ಇದ್ದಲ್ಲಿಗೆ ಹ್ಯಾಂಗ ಹೋಗಲಿರಿ ಅಯ್ಯಾರ?"

ಪಾಸ್ಟರ್ ಕೇಳಿದರು. "ಮದುವಿಗೆ ನಿಮ್ಮ ಒಪ್ಪಿಗಿ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ರಿ. ಅಪ್ಪ ಹುಡುಗಿ ನೋಡಿ ಬಂದ, ಹಸಿಮಣಿ ಮ್ಯಾಲ ಕುಂದರಿಸಿದ."

"ಬಾಳ್ವಿ?"

"ಬಾಳ್ವಿ ನಾನಾ ಮಾಡಿದ್ನಿರಿ! ಯಾರು ಬಿಡು ಅಂದ್ರೂ ಆಕಿನ್ನ ಬಿಡತಿದ್ದಿಲ್ಲ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಚಿನ್ನಪ್ಪ ನಿಂತ. ಮುಖ ಅರಳಿತು. "ಹಂಗಾದ್ರ ಇಷ್ಟು ಹೇಳತೀನ್ರಿ. ಬಂದದ್ದು ನನ್ನಿಂದಲ್ಲ. ಇನ್ನ ಬಿಟ್ಟು ಹೋಗಂಗಿಲ್ಲ ಅನ್ನೋದು ಮಾತ್ರ ನಂದಾ."

"ಅಷ್ಟು ಸಾಕು" ಎಂದು ಪಾಸ್ಟರ್ ಅವನ ಬೆನ್ನಿಗೆ ಕೈ ಕೊಟ್ಟು ಮುಳುಗಿಸಿದರು.

ಎದ್ದ ಚಿನ್ನಪ್ಪ ಕೆಮ್ಮುತ್ತ, ನಗುತ್ತ, ಹಿತ್ತಲಿನಿಂದ ಮನೆಯೊಳಕ್ಕೆ ಕೂಗುವ ಹಾಗೆ "ಊರೀ, ಬಂದ್ನೆಬೇ!" ಎಂದು ಕೂಗಿದ. ದಂಡೆಯ ಮೇಲೆ ಹಾಡು ಮತ್ತೆ ಎದ್ದಿತು. ಸುಂಕಣ್ಣ ಅವನನ್ನು ತಬ್ಬಿಕೊಂಡು ಚಿಕ್ಕ ಮಗುವಿನಂತೆ ಅತ್ತ. ಅಳುತ್ತಲೇ ನಕ್ಕ.

"ಮಾವಾ, ನಿಮ್ಮ ಬೂಟು!" ಯಶೋಧರಾ ದಂಡೆಯಿಂದ ಚೀರಿದಳು.

ಸುಂಕಣ್ಣ ಬಗ್ಗಿ ನೋಡಿದ. ನೀರು ಅವನ ಸೊಂಟದ ತನಕ ಇತ್ತು. "ನಾ ಯಾವಾಗ ಇಳದ್ನೆಲೇ?"

ಚಿನ್ನಪ್ಪ ಮುಖದ ನೀರು ಒರೆಸಿಕೊಂಡು, ಪಾಸ್ಟರ್‌ರ ಗತ್ತಿನಲ್ಲೇ ಕೇಳಿದ.

"ನಿಮ್ಮ ಸ್ವಂತ ಇಚ್ಛೆಯಿಂದ ಬಂದಿದ್ದೀರಾ, ಬಾವ?"