ಹಲ್ಲು ಕಟ್ಟುವವಳ ಸರದಿ

ಕೋವಿ ರಿಪೇರಿಯವನು ಆ ಹಳೇ ರೈಫಲ್ಲನ್ನು ಮೂರನೇ ಸಲ ತಿರುಗಿಸಿ ನೋಡಿದ. ನಳಿಗೆಯ ಮೇಲಿಲ್ಲ, ಬೋಲ್ಟಿನ ಮೇಲಿಲ್ಲ, ಮರದ ಹಿಡಿ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟರೆ ಅಲ್ಲೂ ಇಲ್ಲ. ಕಂಪನಿಯ ಹೆಸರು ಹಾಳಾಗಲಿ, ಒಂದು ನಂಬರು, ಒಂದು ಚುಕ್ಕೆ ಕೂಡ ಇಲ್ಲ. ಯಾವ ಕೋವಿ ತಂದರೂ ಅದರ ಹುಟ್ಟೂರು ಹೇಳುತ್ತಾನೆಂದು ಊರೆಲ್ಲ ಅವನನ್ನು 'ಜಾತಕ' ಎಂದೇ ಕರೆಯುತ್ತಿತ್ತು. ಈಗ ಗಿರಾಕಿಗಳ ಎದುರಿಗೇ ಮರ್ಯಾದೆ ಹೋಗುವ ಹೊತ್ತು ಬಂದಿತ್ತು.

ಗಿರಾಕಿಗಳು ಇಬ್ಬರು. ಲೇತ್ ಕೆಲಸ ಮಾಡಿ ನಿವೃತ್ತರಾದ ದೊಡ್ಡಪ್ಪ. ಜೊತೆಗೆ ಅವರ ತಮ್ಮನ ಮಗಳು, ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವವಳು. "ಇದನ್ನ ಯಾರು ಮಾಡಿದ್ದು ಅಂತ ಬರೆಸ್ಕೊಂಡು ಬನ್ನಿ ಅಂತಿದಾರೆ ಲೈಸೆನ್ಸ್ ಆಫೀಸಿನವರು," ಎಂದರು ದೊಡ್ಡಪ್ಪ. "ಇನ್ನೊಂದು, ತೋಟಾ ಹೊರಗೆ ಎಳೆಯೋ ಕೊಕ್ಕೆ ಮುರಿದಿದೆ."

"ಅದೇನ್ ಮಹಾ!" ಎಂದು ಜಾತಕ ಡ್ರಾಯರ್ ಎಳೆದ. "ಕಂಪನಿ ಮಾಲೇ ಇದೆ. ಐದು ನಿಮಿಷದ ಕೆಲಸ."

"ಅಯ್ಯಯ್ಯೋ, ಮುಚ್ಚಿ ಮುಚ್ಚಿ!" ದೊಡ್ಡಪ್ಪ ಕೈ ಅಡ್ಡ ಹಿಡಿದರು. "ಇದಕ್ಕೆ ಅಂಗಡಿ ಸಾಮಾನು ಹಾಕೋ ಹಾಗಿಲ್ಲ. ಕೆಟ್ಟಾಗ ನಮ್ಮನೆಯವರೇ ಯಾರಾದ್ರೂ ಸ್ವಂತ ಕೈಯಲ್ಲಿ ಮಾಡಿ ಕೂರಿಸ್ಬೇಕು. ಯಾರು ಕೂರಿಸ್ತಾರೋ ಕೋವಿ ಅವರದ್ದು. ನಮ್ಮ ತಾತನ ಕಾಲದಿಂದ ಹೀಗೇ ನಡ್ಕೊಂಡು ಬಂದಿದೆ."

ಜಾತಕ ತೆಪ್ಪಗೆ ಡ್ರಾಯರ್ ಮುಚ್ಚಿದ. ಮತ್ತೆ ಕೋವಿ ಎತ್ತಿಕೊಂಡ. ಈ ಸಲ ಅವನು ಕಂಪನಿ ಹುಡುಕಲಿಲ್ಲ.

"ನಳಿಗೆ ಯಾವ ಕಾರ್ಖಾನೆದೋ, ಗುರುತಿದ್ದ ಜಾಗಾನ ಉಜ್ಜಿ ಉಜ್ಜಿ ಸವೆಸಿಬಿಟ್ಟಿದೀರಿ. ಆದ್ರೆ ಈ ಹಿಡಿ ಸೀಳಿದಾಗ ಒಂದು ಮೊಳೆ ಹೊಡೀದೆ ಮರಕ್ಕೆ ಮರ ಕಚ್ಚಿಸಿದಾರೆ ನೋಡಿ. ಕುರ್ಚಿ ಮಾಡೋರ ಕೈ ಇದು."

"ನಮ್ಮ ತಾತ!"

"ಈ ಸ್ಪ್ರಿಂಗು ಹೊಲಿಗೆ ಮಷಿನ್ನಿಂದು. ಕತ್ತರಿಸಿ, ಕಾಸಿ, ಬಗ್ಗಿಸಿದಾರೆ."

"ನಮ್ಮಮ್ಮ! ಹೊಲಿಗೆ ಮಷಿನ್ ರಿಪೇರಿಗೆ ಅವಳ ಮುಂದೆ ಯಾರೂ ಇರಲಿಲ್ಲ." ಹೇಳುತ್ತ ಹೇಳುತ್ತ ದೊಡ್ಡಪ್ಪನ ಕುರ್ಚಿ ಮೇಜಿಗೆ ಬಂದು ತಾಗಿತ್ತು.

"ಬೋಲ್ಟಿನ ಹಿಡಿಕೆ ಲೇತಲ್ಲಿ ಕಡೆದದ್ದು. ಪರವಾಗಿಲ್ಲ, ಸ್ವಲ್ಪ ಒರಟು."

"ಕಣ್ಣು ನೆಟ್ಟಗಿದೆಯೇನ್ರೀ ನಿಮಗೆ?" ದೊಡ್ಡಪ್ಪ ಕೆರಳಿದರು. ಹುಡುಗಿ ನಗು ತಡೆಯಲಾರದೆ ಸುಮ್ಮನೆ ಕೆಮ್ಮಿದಳು. ಆ ಸಿಟ್ಟು ಅವಳ ಕಡೆ ತಿರುಗಿತು. "ಈಗ ಸರದಿ ಇವಳದಂತೆ. ನನ್ನ ಮಗ ಗ್ಯಾರೇಜ್ ಇಟ್ಟಿದಾನೆ, ಅವನಿಗಾದ್ರೆ ಇದು ಕಾಫಿ ಕುಡಿದಷ್ಟು ಸಲೀಸು. ಇವಳದು ಒಂದೇ ಹಟ. ಮಾಡಿದ ಎರಡು ಕೊಕ್ಕೆನೂ ಮುರಿದ್ವು. ಇವತ್ತಿಂದೂ ಕೂರಲಿಲ್ಲ ಅಂದ್ರೆ ಕೋವಿ ಸೀದಾ ಗ್ಯಾರೇಜಿಗೆ. ಅಲ್ಲಾ, ಹಲ್ಲು ಕಟ್ಟೋಳು ಕೋವಿ ರಿಪೇರಿ ಮಾಡೋದುಂಟಾ?"

ಅವಳ ಕಿವಿ ಕೆಂಪಾಯಿತು. ಹತ್ತಿ ಹಾಸಿದ ಪುಟ್ಟ ಡಬ್ಬಿಯಿಂದ ಕೊಕ್ಕೆ ತೆಗೆದಳು. ಕಟ್ಟುಹಲ್ಲಿನ ಚೌಕಟ್ಟಿಗೆ ಬಳಸುವ ಲೋಹದಲ್ಲೇ ಎರಕ ಹೊಯ್ದದ್ದು. ಬೋಲ್ಟಿನ ಸಂದಿಯಲ್ಲಿಟ್ಟು ಒತ್ತಿದಳು. ಅದು ಕೂರಲಿಲ್ಲ.

"ನೋಡಿದ್ರಾ?" ಎಂದರು ದೊಡ್ಡಪ್ಪ.

ಜಾತಕನಿಗೆ ಪಾಪ ಅನ್ನಿಸಿತು. "ಕೊಡಮ್ಮ, ನಾನೊಂದು ಚೂರು ಅರ ಹಾಕಿಕೊಡ್ತೀನಿ."

"ಬೇಡ," ಎಂದು ಕೈ ಹಿಂದೆಳೆದುಕೊಂಡಳು. "ನೀವು ಮುಟ್ಟಿದ್ರೆ ಅದು ನನ್ನ ಕೆಲಸ ಅಲ್ಲ."

ಚೀಲದಿಂದ ತೆಳ್ಳನೆಯ ನೀಲಿ ಕಾಗದ ತೆಗೆದು ಸಂದಿಗೆ ಹಾಸಿ, ಅದರ ಮೇಲೆ ಕೊಕ್ಕೆ ಒತ್ತಿ ತೆಗೆದಳು. ಕೊಕ್ಕೆಯ ಮಗ್ಗುಲಲ್ಲಿ ಒಂದು ನೀಲಿ ಚುಕ್ಕೆ. ಅಷ್ಟನ್ನೇ ಎರಡು ಸಲ ಅರದಿಂದ ಉಜ್ಜಿದಳು. ಮತ್ತೆ ಕಾಗದ, ಮತ್ತೆ ಚುಕ್ಕೆ, ಮತ್ತೆ ಅರ.

"ಏನಮ್ಮಾ ಅದು?"

"ಹೊಸ ಹಲ್ಲು ಎಲ್ಲಿ ಒತ್ತುತ್ತೆ ಅಂತ ಇದರಲ್ಲಿ ಗೊತ್ತಾಗುತ್ತೆ."

"ನಾನು ದೀಪದ ಮಸಿ ಹಚ್ಚಿ ನೋಡ್ತೀನಿ. ವಿದ್ಯೆ ಒಂದೇ ಆಯ್ತಲ್ಲ!" ಜಾತಕ ಬೆರಗಾಗಿ, ತನ್ನ ಸ್ಟೂಲು ಪಕ್ಕಕ್ಕೆ ಸರಿಸಿ ಅವಳ ಕೈಮೇಲೆ ಬೆಳಕು ಬೀಳುವ ಹಾಗೆ ಕೂತ. "ಕಷ್ಟ ಆಗ್ತಿಲ್ವಾ?"

"ದಿನಾ ಅಲ್ಲಾಡೋ ದವಡೆಗೆ ಕೂರಿಸ್ತೀನಿ. ಇದು ಪಾಪ, ಬಾಯಿ ಮುಚ್ಕೊಂಡಾದ್ರೂ ಇದೆ," ಎಂದಳು ದೊಡ್ಡಪ್ಪನ ಕಡೆ ನೋಡದೆ.

ಹನ್ನೊಂದನೇ ಸಲಕ್ಕೆ ಕೊಕ್ಕೆ ಟಕ್ ಎಂದು ಕೂತಿತು. ಜಾತಕ ಮದ್ದಿಲ್ಲದ ತೋಟಾ ಒಂದನ್ನು ಒಳಗೆ ತಳ್ಳಿ ಬೋಲ್ಟ್ ಹಿಂದಕ್ಕೆಳೆದ. ತೋಟಾ ಹಾರಿ ಬಂದು ದೊಡ್ಡಪ್ಪನ ಎದೆಗೆ ಬಡಿದು ಮಡಿಲಲ್ಲಿ ಬಿತ್ತು. ಇಪ್ಪತ್ತು ಸಲ ಹಾಕಿದರೂ ಇಪ್ಪತ್ತು ಸಲವೂ ಹೊರಗೆ ಬಂತು. ಜಾತಕ ಆಫೀಸಿನ ಕಾಗದ ಎಳೆದುಕೊಂಡು ಬರೆದ: "ನಳಿಗೆ ಗೊತ್ತಿಲ್ಲ. ಮಿಕ್ಕಿದ್ದೆಲ್ಲ ಮನೆಯವರು ಮಾಡಿದ್ದು."

"ಕೊಕ್ಕೆ ಮೇಲೆ ನಿನ್ನ ಹೆಸರಿನ ಒಂದಕ್ಷರ ಕೊರೆದುಕೊಡ್ಲೇನಮ್ಮ?" ಎಂದು ಕೇಳಿದ.

"ನಮ್ಮನೇಲಿ ಯಾರೂ ಕೊರೆಸಿಲ್ಲ. ಬಿಚ್ಚಿ ನೋಡಿದೋರಿಗೆ ಗೊತ್ತಾದ್ರೆ ಸಾಕು."

ದೊಡ್ಡಪ್ಪ ಕನ್ನಡಕ ಹಣೆಗೇರಿಸಿ ಬೋಲ್ಟನ್ನು ಕಣ್ಣಿಗೆ ಹತ್ತಿರ ಹಿಡಿದರು. ಕೊಕ್ಕೆಯ ಅಂಚಿನ ಮೇಲೆ ಉಗುರು ಎಳೆದರು. ಎಲ್ಲೂ ತಡೆಯಲಿಲ್ಲ. ನಲವತ್ತು ವರ್ಷ ಲೇತ್ ಮುಂದೆ ನಿಂತವರಿಗೆ ಅದರ ಬೆಲೆ ಗೊತ್ತಿತ್ತು. "ಭಲೇ!" ಎಂದರು. "ನನ್ನ ತಮ್ಮನ ಮಗಳು ಇವಳು," ಎಂದು ಜಾತಕನಿಗೆ ಆಗಷ್ಟೇ ಪರಿಚಯ ಮಾಡಿಸುವವರ ಹಾಗೆ ಹೇಳಿದರು. ಆಮೇಲೆ ಎದ್ದು ನಿಂತು, ಎರಡೂ ಕೈಯಲ್ಲಿ ಕೋವಿ ಹಿಡಿದು ಅವಳಿಗೆ ಕೊಟ್ಟರು. "ತಗೋ. ಇನ್ನೊಂದು ಸಲ ಕೆಡೋವರೆಗೂ ನಿಂದು."

ಅವಳು ಕೋವಿಯನ್ನು ಹೆಗಲಿಗೇರಿಸಿಕೊಂಡಳು.

"ಕೆಟ್ಟರೆ ನೀವು ಮಾಡಿದ್ದೇ ಕೆಡ್ಬೇಕು ದೊಡ್ಡಪ್ಪ. ನಾನು ಮಾಡಿದ್ದು ಕೆಡಲ್ಲ."