ನಾಲ್ಕು ಕಿತ್ತಳೆ ಜಾಕೆಟ್

ಕಪ್ತಾನರ ಟೋಪಿ ಸಮುದ್ರಕ್ಕೆ ಹಾರಿದಾಗ ಮೀನುಗಳೆಲ್ಲ ಎದ್ದು ನಿಂತು ನೋಡಿದವು. ಕಪ್ತಾನರೆಂದರೆ ಬೇರೆ ಯಾರೂ ಅಲ್ಲ, ಹಲ್ಲಿನ ಡಾಕ್ಟರು. ಎಂಟೇ ದಿನದ ತರಬೇತಿಯಲ್ಲಿ ಏಳು ಸಮುದ್ರಗಳನ್ನೂ ಅರೆದು ಕುಡಿದವರು. "ಬೆರಳು ತೋರಿಸು! ಕಣ್ಣು ಕೀಳ್ಬೇಡ!" ಎಂದು ಹೆಂಡತಿಯ ಮೇಲೆ ಗುಡುಗಿದರು. ನೀರಿಗೆ ಏನು ಬಿದ್ದರೂ ಒಬ್ಬರು ಅದರತ್ತ ಬೆರಳು ಚಾಚಿ ನಿಲ್ಲಬೇಕು, ಸಿಗುವತನಕ ಕೈ ಇಳಿಸುವಂತಿಲ್ಲ. ಹಾಯಿದೋಣಿಯ ಕಾನೂನು ಅದು. ಅವಳು ನಿಂತಳು. ದೋಣಿ ಬುಗುರಿಯಂತೆ ಏಳು ಸುತ್ತು ಸುತ್ತಿತು. ಔಷಧದಂಗಡಿಯ ಗೆಳೆಯ ಹಿಂದಿನ ವಾರ ತಿಂದದ್ದನ್ನೂ ಸಮುದ್ರಕ್ಕೆ ಒಪ್ಪಿಸಿದ. ಕೊನೆಗೆ ಟೋಪಿ ಕೊಕ್ಕೆಕೋಲಿಗೆ ಸಿಕ್ಕಿತು.

"ನಾನು ಏನನ್ನೂ ಹಿಂದೆ ಬಿಟ್ಟು ಹೋಗೋನಲ್ಲ ಕಣಯ್ಯಾ," ಎಂದರು ಕಪ್ತಾನರು, ಗೆಳೆಯನ ಬೆನ್ನು ತಟ್ಟಿ.

ಇದು ಕಪ್ತಾನ ದಂಪತಿಯ ಮದುವೆಗೆ ಹತ್ತೊಂಬತ್ತು ವರ್ಷ ತುಂಬಿದ ಸಂಭ್ರಮದ ಪ್ರಯಾಣ. ಹತ್ತಿರದ ಮೂರು ದ್ವೀಪ, ಜೊತೆಗೆ ಗೆಳೆಯ ಮತ್ತು ಅವನ ಹೆಂಡತಿ. ಪ್ರತಿ ಸಲ ಹೊರಡುವ ಮುಂಚೆ ಕಪ್ತಾನರು ಜನರನ್ನು ಎಣಿಸುತ್ತಿದ್ದರು. ಎಣಿಸುತ್ತಿದ್ದದ್ದು ಮುಖಗಳನ್ನಲ್ಲ, ಕಿತ್ತಳೆ ಬಣ್ಣದ ತೇಲುವ ಜಾಕೆಟ್‌ಗಳನ್ನು. "ಮುಖ ಎಣಿಸಿದ್ರೆ ತಪ್ಪುತ್ತೆ. ಬಣ್ಣ ಎಣಿಸಿದ್ರೆ ತಪ್ಪೋ ಮಾತೇ ಇಲ್ಲ." ಅದು ಅವರದೇ ಸಂಶೋಧನೆ, ಜಗತ್ತಿನ ಯಾವ ನಾವಿಕನಿಗೂ ಹೊಳೆದಿರಲಿಲ್ಲ.

ಎರಡನೆಯ ದ್ವೀಪದಲ್ಲಿ ಊಟವಾಯಿತು. ಒದ್ದೆ ಟೋಪಿ ದೋಣಿ ಕಟ್ಟಿದ್ದ ಕಲ್ಲಿನ ಕಟ್ಟೆಯ ಮೇಲೆ ಒಣಗುತ್ತಿತ್ತು. "ಚಹಾಕ್ಕೆ ನೀರು ಸಾಲಲ್ಲ. ಆ ಬಂಡೆ ಆಚೆ ಒರತೆ ಇದೆಯಂತೆ, ಕ್ಯಾನ್ ತುಂಬಿಸ್ಕೊಂಡು ಬಾ," ಎಂದರು ಕಪ್ತಾನರು. ಹೆಂಡತಿ ಜಾಕೆಟ್ ಬಿಚ್ಚಿ ದೋಣಿಯ ಕೋಣೆಯ ಬಾಗಿಲ ಗೂಟಕ್ಕೆ ಸಿಕ್ಕಿಸಿ ಹೋದಳು. ಕ್ಯಾನ್ ಹೊತ್ತು ಬಂಡೆ ಇಳಿದು ಬರುವಷ್ಟರಲ್ಲಿ ಕಟ್ಟೆಯಲ್ಲಿ ಟೋಪಿ ಇತ್ತು, ದೋಣಿ ಇರಲಿಲ್ಲ.

ಕೂಗಿದಳು. ಹತ್ತೊಂಬತ್ತು ವರ್ಷದಲ್ಲಿ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ, "ರೀ" ಎಂದಳು. ಎದುರು ಗಾಳಿಯಲ್ಲಿ ಒಂದಕ್ಷರ ಎಷ್ಟು ದೂರ ಹೋದೀತು! ಹಾಯಿಗೆ ಅವಳೇ ಹಾಕಿದ ನೀಲಿ ತೇಪೆ ಮಾತ್ರ ದೂರದಲ್ಲಿ ಮಿನುಗುತ್ತಿತ್ತು. ಅವಳು ದರ್ಜಿ, ಹರಿದ ಹಾಯಿಗೆ ತನ್ನ ಹಳೆಯ ಕೊಡೆಯ ಬಟ್ಟೆ ಕತ್ತರಿಸಿ ಎರಡು ರಾತ್ರಿ ಕೂತು ಹೊಲಿದಿದ್ದಳು. ಆ ತೇಪೆಯತ್ತ ಬೆರಳು ಚಾಚಿ ನಿಂತಳು. ಕಾನೂನೆಂದರೆ ಕಾನೂನು. ಸಂಜೆ ಐದಕ್ಕೆ ಜನರನ್ನು ದಡಕ್ಕೆ ಒಯ್ಯುವ ಲಾಂಚ್ ಬರುತ್ತದೆಂದು ಪಕ್ಕದ ಹಲಗೆಯಲ್ಲಿ ಬರೆದಿತ್ತು. ಅವಳು ಅತ್ತ ನೋಡಲಿಲ್ಲ. ಈಗ ತಿರುಗುತ್ತಾರೆ, ಇಗೋ ತಿರುಗುತ್ತಾರೆ. ಟೋಪಿಗೇ ಏಳು ಸುತ್ತು ಸುತ್ತಿದವರು!

ಮುಕ್ಕಾಲು ಗಂಟೆ ಹಾಗೆ ನಿಂತಳು. ತೋಳು ಸತ್ತು ಬೇರೆಯವರದಾಗಿ, ಮತ್ತೆ ಹುಟ್ಟಿ ಬಂದು ಇನ್ನೊಮ್ಮೆ ಸತ್ತಿತು. ಆಗ ನೀಲಿ ತೇಪೆ ತಿರುಗಿತು, ದೊಡ್ಡದಾಗುತ್ತ ಬಂತು. ಅವಳು ಕೈ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ದೋಣಿ ಕಟ್ಟೆಗೆ ತಾಗಿತು. ಅವಳೇ ಹಗ್ಗ ಹಿಡಿದು ಕಂಬಕ್ಕೆ ಬಿಗಿದಳು. ಗೆಳೆಯ ದೋಣಿಯಂಚಿಗೆ ತಲೆಯಾನಿಸಿ ಕಣ್ಣು ಮುಚ್ಚಿ ಬಿದ್ದಿದ್ದ. ಕಪ್ತಾನರು ಕೂತಲ್ಲಿಂದಲೇ ಕತ್ತು ಚಾಚಿದರು.

"ಟೋಪಿ ಸಿಕ್ತಾ? ಭೇಷ್! ನಾನು ಬಾಯಿ ಬಿಡೋಕೆ ಮುಂಚೆನೇ ಇಳಿದು ಹುಡುಕಿಬಿಟ್ಯಲ್ಲೇ!"

ಅವಳು ಟೋಪಿ ಕೊಟ್ಟಳು, ನೀರಿನ ಕ್ಯಾನ್ ಕೊಟ್ಟಳು.

ಒಳಗೆ ಮಲಗಿದ್ದ ಗೆಳೆಯನ ಹೆಂಡತಿ ಆಗ ಕಣ್ಣುಜ್ಜುತ್ತ ಹೊರಗೆ ಬಂದಳು. "ಅಕ್ಕಾ, ನಿಮ್ಮಿಬ್ಬರ ಮಾತು ಮುಗಿಯೋದೇ ಇಲ್ವಾ? ನಿದ್ದೆನೇ ಇಲ್ಲ ನಂಗೆ. 'ಹಗ್ಗ ಸಡಿಲ ಮಾಡು, ನಿಂಗೆ ಇದೆಲ್ಲ ಅರ್ಥ ಆಗಲ್ಲ ಬಿಡು' ಅಂತ ಭಾವ ದಾರಿಯುದ್ದಕ್ಕೂ ಹೇಳ್ತಾನೇ ಇದ್ರು."

"ಯಾರಿಗೆ?"

"ನಿಮಗೇ..." ಎನ್ನುತ್ತ ಆಕೆ ಕಟ್ಟೆಯ ಮೇಲಿದ್ದವಳನ್ನು ನೋಡಿದಳು, ಬಾಗಿಲ ಗೂಟವನ್ನು ನೋಡಿದಳು. ಅಲ್ಲಿ ಜಾಕೆಟ್ ಗಾಳಿ ತುಂಬಿಕೊಂಡು, ಹೇಳಿದ್ದಕ್ಕೆಲ್ಲ ಹೂಂ ಹೂಂ ಎನ್ನುವಂತೆ ತೂಗುತ್ತಿತ್ತು. ಅದು ಒಮ್ಮೆಯೂ ಉತ್ತರ ಕೊಡಲಿಲ್ಲವೆಂದು ಕಪ್ತಾನರಿಗೆ ಅನುಮಾನ ಬರಲಿಲ್ಲ. ಬರುವುದು ಹೇಗೆ? ಆ ಕಡೆಯಿಂದ ಉತ್ತರ ಕೇಳಿದ ರೂಢಿಯೇ ಅವರಿಗಿರಲಿಲ್ಲ.

"ಅಯ್ಯೋ ಅಕ್ಕಾ," ಎಂದಳು ಆಕೆ, ಬಾಯಿಗೆ ಕೈ ಅಡ್ಡ ಹಿಡಿದು.

ಕಪ್ತಾನರಿಗೆ ಅದೆಲ್ಲ ಕೇಳಿಸಲಿಲ್ಲ. ಟೋಪಿ ತಲೆಗೇರಿತ್ತು, ಗಾಳಿ ಹದವಾಗಿತ್ತು. ತಮ್ಮ ಎದೆ ಮುಟ್ಟಿ ಎಣಿಕೆ ಶುರು ಮಾಡಿದರು. "ಒಂದು. ಎರಡು. ಮೂರು." ಬೆರಳು ಬಾಗಿಲ ಗೂಟದ ಮೇಲೆ ನಿಂತಿತು. "ನಾಲ್ಕು. ಎಲ್ಲಾ ಸರಿ ಇದೆ! ಹಗ್ಗ ಬಿಚ್ಚೇ!"

ಅವಳು ಹಗ್ಗ ಬಿಚ್ಚಿದಳು. ಸುರುಳಿ ಸುತ್ತಿ, ಜೋಪಾನವಾಗಿ ದೋಣಿಯೊಳಗೆ ಎಸೆದಳು.

ಗೆಳೆಯನ ಹೆಂಡತಿ ಕಿರುಚುತ್ತಿದ್ದಳು. "ಮಾತಾಡಿಸ್ಬೇಡಮ್ಮಾ, ಈಗ ಗಾಳಿ ಸಿಕ್ಕಿದೆ," ಎನ್ನುತ್ತಿದ್ದರು ಕಪ್ತಾನರು. ನೀಲಿ ತೇಪೆ ಮತ್ತೆ ಸಣ್ಣದಾಗತೊಡಗಿತು. ಅವಳು ಲಾಂಚಿನ ಸಮಯ ಬರೆದಿದ್ದ ಹಲಗೆಯ ಕೆಳಗೆ ಕೂತಳು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು.