ನೀಲವ್ವನ ಬುತ್ತಿ

ಸತ್ತವರು ಕಲ್ಲುಗಣಿ ಕೆರೆಯ ತಳದಲ್ಲಿ ಕಾಣಿಸಿಕೊಳ್ಳತೊಡಗಿದ ಮೇಲೆ ನಮ್ಮೂರಲ್ಲಿ ಯಾರೂ ಫೋಟೊಗೆ ಹಾರ ಹಾಕುವುದಿಲ್ಲ. ಒಬ್ಬೊಬ್ಬರ ಮುಖಕ್ಕೂ ದಡದಲ್ಲಿ ಒಂದೊಂದು ಮೆಟ್ಟಿಲು. ಮನೆಯವರು ಬಂದು, ಕೂತು, ನೋಡಿ ಹೋಗುತ್ತಾರೆ.

ಈ ವರ್ಷ ಆ ಮುಖಗಳನ್ನು ಪಾಚಿ ಮುಚ್ಚತೊಡಗಿತು. ಕಾರಣ ಹುಡುಕುವುದು ನನ್ನ ಕೆಲಸ. ಎಷ್ಟು ಸಲ ಪರೀಕ್ಷಿಸಿದರೂ ನೀರು ಶುದ್ಧವಾಗಿಯೇ ಇತ್ತು. ಪಾಚಿಗೆ ಆಹಾರವಾಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಇವತ್ತು ನೀಲವ್ವ ಸೆರಗಿನ ಮರೆಯಲ್ಲಿ ಬುತ್ತಿ ಬಿಚ್ಚಿ, ಮೊಸರನ್ನದ ಉಂಡೆಯನ್ನು ಮಗನ ಮುಖದ ನೇರಕ್ಕೆ ನೀರಿಗೆ ಬಿಡುವುದನ್ನು ಕಂಡೆ. ಹುಡುಕಿದರೆ, ಮುಖಕ್ಕೆ ಪಾಚಿ ಹಬ್ಬಿದವರ ಎಲ್ಲ ಮೆಟ್ಟಿಲುಗಳಲ್ಲೂ ಅನ್ನದ ಅಗುಳು ಅಂಟಿಕೊಂಡಿತ್ತು.

"ಇದನ್ನ ತಿಂದೇ ಪಾಚಿ ಬೆಳ್ಯಾಕತ್ತೈತಿ, ನೀಲವ್ವ. ಹಿಂಗಾದ್ರ ನಿನ್ನ ಮಗನ ಮಾರಿ ಕಾಣಂಗಿಲ್ಲ," ಎಂದೆ.

"ಕಾಣದಿದ್ರ ಬಿಡ್ರಿ ಅಕ್ಕಾರ, ಅವ ಹಸಕೊಂಡಿರಬಾರ್ದು," ಎಂದು ಆಕೆ ಬುತ್ತಿಯ ಬಟ್ಟೆ ಕೊಡವಿದಳು.

ಕಾರಣ ಸಿಕ್ಕಿತ್ತು. ಪರೀಕ್ಷೆಯ ಸಾಮಾನು ಎತ್ತಿಟ್ಟು, ದಿನದಂತೆ ನನ್ನ ಮಗಳ ಮೆಟ್ಟಿಲಿಗೆ ಹೋಗಿ ಕೂತೆ. ಅವಳ ಒಂದೊಂದು ರೆಪ್ಪೆಗೂದಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಮುಖದ ಮೇಲೆ ಒಂದೆಳೆ ಪಾಚಿಯೂ ಇರಲಿಲ್ಲ.